ಮೂರು ಗೋಣಿಚೀಲದಲ್ಲಿ ಬಂದ ಯೆಜ್ಡಿ: ಅಪ್ಪನೂ ನಾನೂ ಮಾಡಿದ ಜೋಡಣೆಯ ದಾಖಲೆ

ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಪ್ಪನ ಆಲೆಮನೆಯ ಮೂಲೆಯಲ್ಲಿ ಮೂರು ಗೋಣಿಚೀಲ, ಎರಡು ರಟ್ಟಿನ ಪೆಟ್ಟಿಗೆ ಮತ್ತು ಗೋಡೆಗೆ ಒರಗಿಸಿದ ಒಂದು ಚಾಸಿಯಾಗಿ ಹನ್ನೊಂದು ವರ್ಷ ಬಿದ್ದಿದ್ದ 1984ರ ಯೆಜ್ಡಿ ಕ್ಲಾಸಿಕ್ ಬೈಕನ್ನು ಅಪ್ಪನೂ ನಾನೂ ಸೇರಿ ಮೈಸೂರಿನ ಪಡುವಾರಹಳ್ಳಿಯ ನಮ್ಮ ಮನೆಗೆ ತಂದು, ಹದಿನಾಲ್ಕು ತಿಂಗಳಲ್ಲಿ ಮತ್ತೆ ರಸ್ತೆಗೆ ಇಳಿಸಿದೆವು. ರಿಪೇರಿಗೆಂದು ಬಿಚ್ಚಿದ ಮೆಕಾನಿಕ್ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದರಿಂದ ಎಂಜಿನ್ ಸಹಿತ ಎಲ್ಲವೂ ಬಿಡಿಬಿಡಿಯಾಗಿತ್ತು. ಇಂಥ ಗಾಡಿಯನ್ನು ಕೈಗೆತ್ತಿಕೊಂಡವರಿಗೆ ಉಪಯೋಗವಾಗಲಿ ಎಂದು ನಮ್ಮ ಕೆಲಸವನ್ನು, ಅದರಲ್ಲೂ ನಾವು ಎಡವಿದ ಒಂದು ಜಾಗವನ್ನು, ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಮನಸ್ಸಿನಲ್ಲಿದ್ದದ್ದು ಕಾರು. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಕಿಟ್ ಆಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅಲ್ಲಿನ ಖರೀದಿ ತೆರಿಗೆ ಉಳಿಯುತ್ತಿತ್ತು. ಅಪ್ಪ–ಮಕ್ಕಳು ಗ್ಯಾರೇಜಿನಲ್ಲಿ ಕೂತು ಕಾರು ಕಟ್ಟುವ ಅಭ್ಯಾಸ ಅಲ್ಲಿ ಇಂದಿಗೂ ಇದೆ. ನಮ್ಮಲ್ಲಿ ಹಾಗೆ ಕಟ್ಟಿದ ಕಾರನ್ನು ನೋಂದಾಯಿಸುವುದು ಸುಲಭವಲ್ಲ, ಇರುವ ಗಾಡಿಯನ್ನು ಬದಲಾಯಿಸುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ನನ್ನ ಮಾತನ್ನೆಲ್ಲ ಕೇಳಿಸಿಕೊಂಡ ಅಪ್ಪ, "ಪೆಟ್ಟಿಗೆ ಬಿಚ್ಚಿ ಗಾಡಿ ಜೋಡಿಸುವುದಕ್ಕೆ ಇಂಗ್ಲೆಂಡೇ ಆಗಬೇಕೇನಮ್ಮ? ಯಾದವಗಿರಿಗೂ ಮೊದಮೊದಲು ಪೆಟ್ಟಿಗೆಗಳೇ ಬಂದದ್ದು" ಎಂದರು. ಅವರು ಹೇಳಿದ್ದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ವಿಷಯ. 1961ರಲ್ಲಿ ಇಲ್ಲಿ ಬೈಕು ತಯಾರಿಕೆ ಶುರುವಾದಾಗ ಜೆಕೊಸ್ಲೊವಾಕಿಯಾದಿಂದ ಬಂದ ಭಾಗಗಳನ್ನೇ ಜೋಡಿಸುತ್ತಿದ್ದರು. ಒಂದೊಂದೇ ಭಾಗ ಇಲ್ಲಿಯೇ ತಯಾರಾಗುವಂತಾಗಿ, 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. ಅಪ್ಪ 1978ರಲ್ಲಿ ಅಲ್ಲಿ ಸೇರಿದವರು, 1996ರಲ್ಲಿ ಬಾಗಿಲು ಮುಚ್ಚುವವರೆಗೂ ಇದ್ದವರು.

ಹದಿನೆಂಟು ವರ್ಷವೂ ಅವರು ಕೆಲಸ ಮಾಡಿದ್ದು ಎಂಜಿನ್ ಜೋಡಣೆಯಲ್ಲಿ, ಅದರಲ್ಲೂ ಹೆಚ್ಚಿನ ಕಾಲ ಎಡಬದಿಯ ಪ್ರೈಮರಿ ಚೇನ್ (ಎಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ಚೇನ್) ಮತ್ತು ಕ್ಲಚ್ ಕೂರಿಸುವ ಜಾಗದಲ್ಲಿ. ಆ ಕೆಲಸ ಅವರ ಬೆರಳಿಗೇ ಗೊತ್ತು. ಆದರೆ ವೈರಿಂಗ್, ಕಾರ್ಬುರೇಟರ್, ಚಕ್ರ ಇವೆಲ್ಲ ಬೇರೆಯವರ ಪಾಲಿನವಾದ್ದರಿಂದ ಅವರು ಒಂದು ಪೂರ್ತಿ ಬೈಕನ್ನು ಎಂದೂ ಒಬ್ಬರೇ ಜೋಡಿಸಿರಲಿಲ್ಲ. ಇದು ನನಗೆ ತಿಳಿದದ್ದೇ ಚೀಲಗಳು ಮನೆಗೆ ಬಂದ ದಿನ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿರುವವಳು. ಎಂಜಿನ್ ಅವರದು, ವಿದ್ಯುತ್ ನನ್ನದು, ಉಳಿದದ್ದನ್ನು ಇಬ್ಬರೂ ಕಲಿತುಕೊಳ್ಳುವುದು ಎಂದು ಅಂದೇ ಮಾತಾಯಿತು.

ಮೊದಲ ಎರಡು ಭಾನುವಾರ ಸ್ಪ್ಯಾನರ್ ಮುಟ್ಟಲಿಲ್ಲ. ಹಳೆಯ ಪಂಚೆಯೊಂದನ್ನು ವರಾಂಡದಲ್ಲಿ ಹಾಸಿ, ಬೈಕು ಎದುರಿಗೆ ನಿಂತಿದೆ ಎಂದುಕೊಂಡು, ಆಯಾ ಭಾಗವನ್ನು ಆಯಾ ಜಾಗದಲ್ಲಿ ಇಡುತ್ತ ಹೋದೆವು. ಚೀಲದಿಂದ ಬಂದದ್ದನ್ನು ಪಟ್ಟಿ ಮಾಡುವುದಕ್ಕಿಂತ ಇದು ಒಳ್ಳೆಯ ಉಪಾಯ, ಏಕೆಂದರೆ ಇಲ್ಲದಿರುವುದು ಖಾಲಿ ಜಾಗವಾಗಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಕಾರ್ಬುರೇಟರಿನ ಸ್ಲೈಡ್, ಕಿಕ್ ಲಿವರಿನ ಸ್ಪ್ರಿಂಗ್, ಚೇನ್ ಕವರಿನ ಕೆಳಗಿನ ಅರ್ಧ, ಹೆಡ್‌ಲೈಟಿನ ರಿಂಗ್ ಇರಲಿಲ್ಲ. ಎಂಜಿನ್ನಿನ ಕೆಳಗಿನ ಲೋಹದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಒಳಗೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡುಗಳಿದ್ದವು. ಮಂಡಿ ಮೊಹಲ್ಲಾದ ಗುಜರಿ ಅಂಗಡಿಗಳಲ್ಲಿ ಬೇಕಾದದ್ದು ಮುಕ್ಕಾಲು ಪಾಲು ಸಿಕ್ಕಿತು. ಈ ಊರಿನಲ್ಲಿ ಹುಟ್ಟಿದ ಗಾಡಿಯ ಸಾಮಾನು ಈ ಊರಿನಲ್ಲಿ ಇನ್ನೂ ಮುಗಿದಿಲ್ಲ.

ಆ ಕೇಸಿನ ಕೆಳಭಾಗದಲ್ಲಿ ಒಂದು ಬಿರುಕಿತ್ತು. ಒಳ್ಳೆಯ ಸ್ಥಿತಿಯ ಇನ್ನೊಂದು ಕೇಸು ಗುಜರಿಯಲ್ಲೇ ಇತ್ತಾದರೂ ಅದನ್ನು ತರಲಿಲ್ಲ. ಎಂಜಿನ್ ಸಂಖ್ಯೆ ಒತ್ತಿರುವುದು ಕೇಸಿನ ಮೇಲೆಯೇ. ಅದು ಆರ್‌ಸಿ ಪುಸ್ತಕದಲ್ಲಿರುವ ಸಂಖ್ಯೆಗೆ ಹೊಂದದಿದ್ದರೆ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ರಸ್ತೆಗೆ ಬರುವಂತಿಲ್ಲ. ಆದ್ದರಿಂದ ಬಿರುಕಿಗೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಇಟ್ಟು, ಸೋರದಿರುವುದನ್ನು ಖಚಿತಪಡಿಸಿಕೊಂಡೆವು. ಗುಜರಿಯಿಂದ ಎಂಜಿನ್ ಕೊಳ್ಳುವವರು ಹಣ ಕೊಡುವ ಮೊದಲೇ ಸಂಖ್ಯೆಯ ವಿಚಾರವನ್ನು ಯೋಚಿಸಬೇಕು.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಪದರಪದರವಾಗಿ ಕೂತಿತ್ತು. ಆಸಿಡ್ ಬಳಸಿದರೆ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ಅದು ತಿನ್ನುತ್ತದೆ, ತೆಳುವಾದ ಕಡೆ ತೂತು ಬೀಳುತ್ತದೆ. ಅದರ ಬದಲಿಗೆ ಎಂದು ಚಿಕ್ಕಪ್ಪನ ಮಗ ದನಗಳ ಮೇವಿಗೆ ಬೆರೆಸಲು ಇಟ್ಟಿದ್ದ ಕಾಕಂಬಿಯನ್ನು (ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ದ್ರವ) ಒಂದು ಕ್ಯಾನ್ ತಂದುಕೊಟ್ಟ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಟ್ಯಾಂಕಿನ ತುಂಬ ತುಂಬಿ, ಹುದುಗುವಾಗ ಏಳುವ ಗಾಳಿ ಹೊರಗೆ ಹೋಗಲೆಂದು ಮುಚ್ಚಳವನ್ನು ಸಡಿಲವಾಗಿಟ್ಟು ಹದಿನೈದು ದಿನ ಬಿಟ್ಟೆವು. ವಾಸನೆ ತಡೆಯಲಾಗದಷ್ಟಿತ್ತು, ಇರುವೆಗಳನ್ನು ತಡೆಯಲು ಅಮ್ಮ ಸುತ್ತಲೂ ಅರಿಸಿನದ ಗೆರೆ ಎಳೆದಿದ್ದರು. ಹದಿನಾರನೆಯ ದಿನ ಕಪ್ಪು ನೀರನ್ನು ಚೆಲ್ಲಿ, ಸೋಡಾಪುಡಿ ಬೆರೆಸಿದ ನೀರಿನಲ್ಲಿ ತೊಳೆದು, ಟಾರ್ಚ್ ಬಿಟ್ಟು ನೋಡಿದರೆ ಬೂದುಬಣ್ಣದ ಬರಿಯ ಕಬ್ಬಿಣ ಕಾಣುತ್ತಿತ್ತು. ಒದ್ದೆ ಕಬ್ಬಿಣ ಗಂಟೆಯೊಳಗೆ ಮತ್ತೆ ತುಕ್ಕು ಹಿಡಿಯುವುದರಿಂದ ತಕ್ಷಣ ಬಿಸಿಲಿಗಿಟ್ಟು ಒಣಗಿಸಿ ಒಳಗೆಲ್ಲ ಟೂ–ಸ್ಟ್ರೋಕ್ ಆಯಿಲ್ ಸವರಬೇಕು. ಕಾಕಂಬಿ ಅಲ್ಯುಮಿನಿಯಂ ಭಾಗಗಳನ್ನು ಕೆಡಿಸುತ್ತದೆ. ಕಾರ್ಬುರೇಟರನ್ನು ಅದರಲ್ಲಿ ಎಂದಿಗೂ ಅದ್ದಬಾರದು.

ಬೇರಿಂಗ್ ಕೂರಿಸುವ ಕೆಲಸವನ್ನು ಅಪ್ಪ ಅಡುಗೆಮನೆಯಲ್ಲೇ ಮಾಡಿದರು. ಉಕ್ಕು ಹಿಗ್ಗುವುದಕ್ಕಿಂತ ಅಲ್ಯುಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತದೆ ಎನ್ನುವುದೇ ಇದರ ಆಧಾರ. ಬೇರಿಂಗುಗಳನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟಿದ್ದರು. ಬೆಳಿಗ್ಗೆ ರೊಟ್ಟಿ ಹೆಂಚಿನ ಮೇಲೆ ಕೇಸನ್ನು ಕವುಚಿ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸುತ್ತ, ನಡುನಡುವೆ ಬೆರಳ ತುದಿಯಿಂದ ಒಂದು ಹನಿ ನೀರು ಚಿಮುಕಿಸುತ್ತಿದ್ದರು. ಹನಿ ಹರಡಿಕೊಂಡರೆ ಇನ್ನೂ ಸಾಲದು. ಚುರ್ ಎಂದು ಪುಟಿದು ಆರಿದರೆ ಸಾಕು. ಹನಿ ಪುಟಿದ ಕ್ಷಣದಲ್ಲಿ ಒಲೆ ಆರಿಸಿ, ಕೇಸನ್ನು ಮಣೆಯ ಮೇಲೆ ತಿರುಗಿಸಿಟ್ಟು, ಹಿಮ ಕಟ್ಟಿದ ಬೇರಿಂಗನ್ನು ಒಂದೇ ಸಲಕ್ಕೆ ಬಿಟ್ಟರು. ಸುತ್ತಿಗೆಯ ಪೆಟ್ಟಿಲ್ಲದೆ ಅದು ಠಕ್ ಎಂದು ತಳ ಸೇರಿತು. ಎರಡನೆಯದನ್ನು ನನ್ನ ಕೈಗೆ ಕೊಟ್ಟರು. ನಾನು ಒಂದು ಕ್ಷಣ ತಡೆದು ಬಿಟ್ಟಿದ್ದರಿಂದ ಅದು ಓರೆಯಾಗಿ ಅರ್ಧದಲ್ಲೇ ಕಚ್ಚಿಕೊಂಡಿತು, ಮತ್ತೆ ಕಾಯಿಸಿ ತೆಗೆಯಬೇಕಾಯಿತು. "ಯೋಚಿಸುವುದಿದ್ದರೆ ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲೇ ಯೋಚಿಸು, ಆಮೇಲೆ ಯೋಚಿಸಬಾರದು" ಎಂದಷ್ಟೇ ಹೇಳಿದರು.

ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿ.ಮೀ. ನಮ್ಮ ಸಿಲಿಂಡರ್ ಸವೆದಿದ್ದರಿಂದ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ತಂದು, ಆ ಪಿಸ್ಟನ್ನನ್ನೇ ಅಳತೆಗೆ ಕೊಟ್ಟು ಸಿಲಿಂಡರನ್ನು ರೀಬೋರ್ ಮಾಡಿಸಿದೆವು, ಅಂದರೆ ಒಳಗೆ ಕೊರೆಸಿ ಅಗಲ ಮಾಡಿಸಿದೆವು. ರೀಬೋರ್ ಆದಮೇಲೆ ಹಲವರು ಬಿಟ್ಟುಬಿಡುವ ಒಂದು ಕೆಲಸವಿದೆ. ಟೂ–ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಂತೆ ಪೋರ್ಟುಗಳಿರುತ್ತವೆ. ಹೊಸದಾಗಿ ಕೊರೆದಾಗ ಅವುಗಳ ಅಂಚು ಬ್ಲೇಡಿನಂತಾಗುತ್ತದೆ, ನಿಮಿಷಕ್ಕೆ ಸಾವಿರಾರು ಸಲ ಆ ಅಂಚನ್ನು ದಾಟುವ ಪಿಸ್ಟನ್ ರಿಂಗು ಎಂದೋ ಒಂದು ದಿನ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಅಪ್ಪ ನುಣುಪು ಕಲ್ಲಿನಿಂದ ಪ್ರತಿ ಅಂಚನ್ನೂ ಉಗುರು ತಾಗದಷ್ಟು ಮಾತ್ರ ಉಜ್ಜಿ ಮೊಂಡು ಮಾಡಿದರು. ಇದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಆಮೇಲೆ ಬಿಸಿನೀರು, ಸೋಪು ಹಾಕಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ಆ ಸಿಲಿಂಡರಿಗೆ ಪಿಸ್ಟನ್ ತೋರಿಸಲಿಲ್ಲ.

ಕ್ಲಚ್ ಜೋಡಿಸುವುದನ್ನು ನೋಡಬೇಕೆಂದೇ ನಾನು ಒಂದು ದಿನ ರಜೆ ಹಾಕಿದ್ದೆ. ಈ ಬೈಕಿನಲ್ಲಿ ಗೇರ್ ಲಿವರೇ ಕಿಕ್ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಕೆಳಗಿಳಿಸಿದರೆ ಗೇರ್. ಗೇರ್ ಬದಲಿಸಲು ಲಿವರ್ ಒತ್ತಿದಾಗ ಒಳಗಿನ ಕ್ಯಾಮ್ ಒಂದು ಕ್ಲಚ್ಚನ್ನೂ ತಾನೇ ಬಿಡಿಸುತ್ತದೆ. ಎಂಜಿನ್ ಸ್ಪ್ರಾಕೆಟ್ಟು, ಕ್ಲಚ್ಚಿನ ಡ್ರಮ್ಮು, ನಡುವಿನ ಚೇನು ಮೂರನ್ನೂ ಒಟ್ಟಿಗೇ ಹಿಡಿದು ಕೂರಿಸಬೇಕು, ಏಕೆಂದರೆ ಆ ಚೇನಿಗೆ ಬಿಚ್ಚುವ ಕೊಂಡಿ ಇಲ್ಲ. ಎಪ್ಪತ್ತೊಂದರ ವಯಸ್ಸಿನಲ್ಲಿ ಕನ್ನಡಕ ಹಣೆಯ ಮೇಲಿಟ್ಟು, ಕಣ್ಣು ಬೇರೆಲ್ಲೋ ಇಟ್ಟು, ಅವರ ಎರಡು ಕೈಗಳು ಆ ಮೂರು ಭಾಗಗಳನ್ನು ಒಂದೇ ಚಲನೆಯಲ್ಲಿ ಒಳಗೆ ಸೇರಿಸಿದವು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಆ ಕೆಲಸ ಮಾಡಿರದ ಕೈಗಳವು.

ಬಣ್ಣ, ಕ್ರೋಮ್, ಚಕ್ರದ ಕಡ್ಡಿ ಬಿಗಿಯುವುದು ಈ ಮೂರನ್ನೂ ಹೊರಗೆ ಕೊಟ್ಟು ಮಾಡಿಸಿದೆವು. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ವೈರಿಂಗ್ ನನ್ನ ಪಾಲಿಗೆ ಬಂತು. ಗಾಡಿ 6 ವೋಲ್ಟಿನದು, 12ಕ್ಕೆ ಬದಲಿಸಿಕೊಳ್ಳುವವರು ಬಹಳ. ನಾನು ಬದಲಿಸಲಿಲ್ಲ, ಆದರೆ 6 ವೋಲ್ಟಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿದೆ. 25 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ 4ಕ್ಕೂ ಹೆಚ್ಚು ಎಳೆಯುತ್ತದೆ. ಕರೆಂಟು ಎರಡರಷ್ಟಾದಾಗ ಪ್ರತಿ ಸಡಿಲ ಜಂಟಿಯಲ್ಲೂ ವೋಲ್ಟೇಜ್ ನಷ್ಟ ಎರಡರಷ್ಟಾಗುತ್ತದೆ, ಇರುವುದು 6 ವೋಲ್ಟು ಮಾತ್ರ ಆದ್ದರಿಂದ ಅದರ ಪೆಟ್ಟು ನಾಲ್ಕರಷ್ಟು. ಹಳೆಯ ಗಾಡಿಯ ಲೈಟು ಮಂಕು ಎಂದು ಜನ ಹೇಳುವುದಕ್ಕೆ ಬಹುಪಾಲು ಇದೇ ಕಾರಣ. ನಾನು ದಪ್ಪ ತಂತಿ ಹಾಕಿ, ಜಂಟಿಗಳನ್ನೆಲ್ಲ ಬೆಸುಗೆ ಹಾಕಿದೆ. ಆದರೂ ಮೊದಲ ಸಲ ಸ್ವಿಚ್ ಹಾಕಿದಾಗ ಹೆಡ್‌ಲೈಟು ಎಣ್ಣೆದೀಪದಷ್ಟೇ ಉರಿಯಿತು. ಕಾರಣ ಹುಡುಕಿದರೆ, ಅರ್ತ್ ವೈರನ್ನು ಬಿಗಿದಿದ್ದ ಬೋಲ್ಟಿನ ಕೆಳಗೆ ಹೊಸ ಬಣ್ಣದ ಪದರ ಇತ್ತು. ಒಂದು ರೂಪಾಯಿ ಅಗಲದಷ್ಟು ಬಣ್ಣವನ್ನು ಕೆರೆದು, ಗ್ರೀಸ್ ಸವರಿ ಮತ್ತೆ ಬಿಗಿದ ಮೇಲೆ ಎದುರಿನ ಗೋಡೆ ಬೆಳಗಿತು.

ಕಾರ್ತಿಕದ ಒಂದು ಬೆಳಿಗ್ಗೆ ಎಂಜಿನ್ ಆರನೆಯ ಕಿಕ್ಕಿಗೆ ಹತ್ತಿತು. ಅಮ್ಮ ಮೊದಲೇ ನಿಂಬೆಹಣ್ಣು ಇಟ್ಟಿದ್ದರು. ಎರಡು ಸೈಲೆನ್ಸರಿನಿಂದಲೂ ಬಿಳಿ ಹೊಗೆ ಬಂತು. ಜೋಡಿಸುವಾಗ ಹಾಕಿದ ಎಣ್ಣೆ ಉರಿದು ಮುಗಿಯಲಿ ಎಂದು ಕಾದೆವು. ಹತ್ತು ನಿಮಿಷವಾದರೂ ಹೊಗೆ ತೆಳುವಾಗಲಿಲ್ಲ, ಬದಲಿಗೆ ದಟ್ಟವಾಗಿ ಪಕ್ಕದ ಮನೆಯ ಕಾಂಪೌಂಡ್ ಕಾಣದಂತಾಯಿತು. ಪೆಟ್ರೋಲಿಗೆ ಲೀಟರಿಗೆ 40 ಮಿ.ಲೀ. ಟೂ–ಟಿ (ಟೂ–ಸ್ಟ್ರೋಕ್) ಆಯಿಲ್ ಬೆರೆಸಿದ್ದು ನಾನೇ, ಅಳತೆ ತಪ್ಪಿರಲಿಲ್ಲ. ಅಪ್ಪ ಸೈಲೆನ್ಸರಿನ ತುದಿಯನ್ನು ಬೆರಳಿನಿಂದ ಸವರಿ ಮೂಸಿದರು. "ಇದು ಟೂ–ಟಿ ವಾಸನೆಯಲ್ಲ, ಗೇರ್ ಆಯಿಲ್" ಎಂದು ಎಂಜಿನ್ ನಿಲ್ಲಿಸಿಬಿಟ್ಟರು.

ಗೇರ್‌ಬಾಕ್ಸಿನ ಆಯಿಲ್ ಇಳಿಸಿ ಅಳೆದೆವು. ಹಾಕಿದ್ದು ಒಂದು ಲೀಟರ್, ಬಂದದ್ದು 850 ಮಿ.ಲೀ. ಟೂ–ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಹೀರಬೇಕು, ಕೆಳಗೆ ಬಂದಾಗ ಒತ್ತಬೇಕು. ಅದಕ್ಕಾಗಿಯೇ ಕ್ರ್ಯಾಂಕ್‌ಶಾಫ್ಟಿನ ಎರಡು ತುದಿಗೂ ಆಯಿಲ್ ಸೀಲ್ (ಎಣ್ಣೆ, ಗಾಳಿ ಸೋರದಂತೆ ತಡೆಯುವ ರಬ್ಬರಿನ ಬಳೆ) ಇರುತ್ತದೆ. ಬಲಗಡೆಯ ಸೀಲ್ ಸೋರಿದರೆ ಬರಿಯ ಗಾಳಿ ಒಳಗೆ ಬಂದು ಎಂಜಿನ್ ತಾನಾಗಿ ಏರುತ್ತದೆ, ಕಾಯುತ್ತದೆ. ಎಡಗಡೆಯದು ಸೋರಿದರೆ ಪಕ್ಕದಲ್ಲೇ ಇರುವ ಪ್ರೈಮರಿ ಕೇಸಿನ ಎಣ್ಣೆಯನ್ನು (ಗೇರ್‌ಬಾಕ್ಸಿಗೂ ಇದೇ ಎಣ್ಣೆ) ಹೀರಿ ಸುಡುತ್ತದೆ. ನಮ್ಮದು ಎಡಗಡೆಯದು, ಅಂದರೆ ಅಪ್ಪ ತಮ್ಮ ಕೈಯಾರೆ ಕೂರಿಸಿದ ಸೀಲು.

ಪುಣ್ಯಕ್ಕೆ ಎಂಜಿನ್ನನ್ನು ಪೂರ್ತಿ ಸೀಳಬೇಕಾಗಿರಲಿಲ್ಲ; ಕ್ಲಚ್ಚು, ಚೇನು, ಸ್ಪ್ರಾಕೆಟ್ಟು ಇಳಿಸಿದರೆ ಸೀಲು ಕೈಗೆ ಸಿಗುತ್ತದೆ. ಹೊರಗೆ ತೆಗೆದು ಬೆಳಕಿಗೆ ಹಿಡಿದಾಗ ಅದರ ಒಳ ಅಂಚಿನಲ್ಲಿ ಕೂದಲೆಳೆಯಂಥ ಒಂದು ಸೀಳು ಕಂಡಿತು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಸಾವಿರಾರು ಸೀಲು ಕೂರಿಸಿದ ಕೈಗೆ ಇದು ಹೇಗಾಯಿತು ಎಂದು ನನಗೂ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರೇ ತುತ್ತನ್ನು ಅರ್ಧಕ್ಕೆ ಬಿಟ್ಟು ಹೇಳಿದರು: "ತೊಪ್ಪಿ ಇತ್ತು ಕಣಮ್ಮ." ಕಾರ್ಖಾನೆಯಲ್ಲಿ ಅವರ ಮೇಜಿನ ಮೇಲೆ ತುದಿ ಚೂಪಾದ, ಬೆರಳಿಗೆ ಹಾಕುವ ತೊಪ್ಪಿಯಂಥ ಒಂದು ಉಕ್ಕಿನ ಕೊಳವೆ ಇರುತ್ತಿತ್ತಂತೆ. ಅದನ್ನು ಶಾಫ್ಟಿನ ತುದಿಗೆ ಹಾಕಿ ಅದರ ಮೇಲಿಂದ ಸೀಲನ್ನು ಜಾರಿಸಿ, ಕೊಳವೆಯನ್ನು ತೆಗೆದು ಮುಂದಿನ ಎಂಜಿನ್ನಿಗೆ ಹಾಕುವುದು. ದಿನಕ್ಕೆ ಎಷ್ಟೋ ಸಲ ಮಾಡುತ್ತಿದ್ದ ಆ ಕೆಲಸದಲ್ಲಿ ಕೊಳವೆ ಎನ್ನುವುದು ಬೇರೆ ವಸ್ತುವಾಗಿ ಅವರ ನೆನಪಿನಲ್ಲೇ ಉಳಿದಿರಲಿಲ್ಲ. ಮನೆಯಲ್ಲಿ ಕೈ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಕೊಳವೆ ಇರಲಿಲ್ಲವಾದ್ದರಿಂದ ಸೀಲು ಶಾಫ್ಟಿನ ಮೆಟ್ಟಿಲಿನಂಥ ಅಂಚಿನ ಮೇಲೆ ಉಜ್ಜಿಕೊಂಡು ಹೋಗಿತ್ತು.

ಮಾರನೆಯ ದಿನ ನಂದಿನಿ ಹಾಲಿನ ಕವರೊಂದನ್ನು ತೊಳೆದು, ಎರಡಂಗುಲ ಅಗಲಕ್ಕೆ ಕತ್ತರಿಸಿ, ಗ್ರೀಸ್ ಸವರಿ ಶಾಫ್ಟಿನ ತುದಿಗೆ ಬಿಗಿಯಾಗಿ ಸುತ್ತಿದೆ. ಅಪ್ಪ ಹೊಸ ಸೀಲಿನ ಒಳ ಅಂಚಿಗೆ ಎಣ್ಣೆ ಹಚ್ಚಿ, ಎರಡು ಹೆಬ್ಬೆರಳಿನಿಂದ ಸುತ್ತಲೂ ಸಮನಾಗಿ ಒತ್ತುತ್ತ ಆ ಕವರಿನ ಮೇಲಿಂದ ಜಾರಿಸಿದರು. ಸೀಲು ಮೆಟ್ಟಿಲು ದಾಟಿದ ಮೇಲೆ ನಾನು ಇಕ್ಕಳದಿಂದ ಕವರನ್ನು ಮೆಲ್ಲಗೆ ಎಳೆದುಕೊಂಡೆ. ಕವರಿನ ಮೇಲೆ, ಅಂಚು ತಾಗಿದ ಕಡೆ, ಒಂದು ಸಣ್ಣ ಗೀರು ಬಿದ್ದಿತ್ತು. ಅದು ಸೀಲಿನ ಮೇಲೆ ಬೀಳಬೇಕಾಗಿದ್ದ ಗೀರು.

ಬಿಚ್ಚಿದ್ದಾಗಿದೆಯಲ್ಲ ಎಂದು ಇಗ್ನಿಷನ್ ಟೈಮಿಂಗನ್ನೂ, ಅಂದರೆ ಪ್ಲಗ್ಗಿನ ಕಿಡಿ ಹಾರುವ ಸಮಯವನ್ನೂ, ಮತ್ತೆ ನೋಡಿದೆವು. ಪಾಯಿಂಟಿನ (ತೆರೆದಾಗ ಕಿಡಿ ಹಾರಿಸುವ ಸ್ವಿಚ್ಚಿನ) ಗ್ಯಾಪನ್ನು ಫೀಲರ್ ಗೇಜಿನಿಂದ 0.4 ಮಿ.ಮೀ.ಗೆ ಇಟ್ಟು, ಪ್ಲಗ್ ತೂತಿನಿಂದ ವರ್ನಿಯರಿನ ಕಡ್ಡಿ ಇಳಿಸಿ ಪಿಸ್ಟನ್ ಎಷ್ಟು ಕೆಳಗಿದೆ ಎಂದು ಅಳೆಯುತ್ತ, ಪಾಯಿಂಟು ಯಾವ ಕ್ಷಣಕ್ಕೆ ತೆರೆಯುತ್ತದೆ ಎಂದು ಹಿಡಿಯಬೇಕು. ಅದಕ್ಕಾಗಿ ನಾನು ಪಾಯಿಂಟಿಗೆ ಒಂದು ಬಲ್ಬು ಜೋಡಿಸಿದೆ. ಅಪ್ಪ ಊದುಬತ್ತಿ ಪೊಟ್ಟಣದ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಎರಡು ಬೆರಳಿನಲ್ಲಿ ಎಳೆದು ಹಿಡಿದರು. ಎಂಜಿನ್ನನ್ನು ಅದು ತಿರುಗುವ ದಿಕ್ಕಿನಲ್ಲೇ ಮೆಲ್ಲಗೆ ತಿರುಗಿಸುತ್ತ ಬಂದಾಗ ಕಾಗದ ಜಾರಿದ್ದೂ ಬಲ್ಬಿನ ಬೆಳಕು ಬದಲಾದದ್ದೂ ಒಟ್ಟಿಗೇ. ಗುರಿ ಮೀರಿ ಹೋದರೆ ಹಿಂದಕ್ಕೆ ತಿರುಗಿಸಿ ಸರಿಮಾಡಿಕೊಳ್ಳಬಾರದು, ಸಡಿಲದಿಂದ ಅಳತೆ ತಪ್ಪುತ್ತದೆ. ಪೂರ್ತಿ ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು.

ಈಗ ಸಿಗುವ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಗಾಳಿ ಕಡಿಮೆ ಸಾಕು, ಆದ್ದರಿಂದ ಹಳೆಯ ಸೆಟ್ಟಿಂಗಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಕಾರ್ಬುರೇಟರಿನ ನೀಡಲ್ಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ, ಹೆಚ್ಚು ಪೆಟ್ರೋಲ್ ಬರಲೆಂದು ನೀಡಲ್ಲನ್ನು ಎತ್ತರಿಸಿದೆವು. ಪೆಟ್ರೋಲ್ ಪೈಪು, ವಾಷರುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿದೆವು.

ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನಮೂನೆ 25 ತುಂಬಿ, ಚಿಕ್ಕಪ್ಪನ ಹೆಸರಿನಲ್ಲಿದ್ದ ಆರ್‌ಸಿ ಕೊಟ್ಟು, ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಟ್ಟಾಗ, ವೆಲ್ಡಿಂಗ್ ಮಾಡಿಸಿ ಉಳಿಸಿಕೊಂಡ ಆ ಹಳೆಯ ಕೇಸು ನಮ್ಮ ಕೈ ಹಿಡಿಯಿತು.

ಮೊದಲ ಓಟಕ್ಕೆ ಚಾಮುಂಡಿ ಬೆಟ್ಟಕ್ಕೆ ಹೋಗೋಣ ಎಂದು ನಾನು ಹಟ ಹಿಡಿದಿದ್ದೆ. ಹೊಸ ಪಿಸ್ಟನ್ ಹಾಕಿದ ಎಂಜಿನ್ನನ್ನು ಏರಿನಲ್ಲಿ ದುಡಿಸಬಾರದು, ತಾಯಿ ಕಾಯುತ್ತಾಳೆ, 500 ಕಿ.ಮೀ. ಆಗಲಿ ಎಂದು ಅಪ್ಪ ಒಪ್ಪಲಿಲ್ಲ. ಹಾಗಾಗಿ ಸಮತಟ್ಟಾದ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ, ಗಂಟೆಗೆ 40 ಕಿ.ಮೀ. ಮೀರದಂತೆ, ಒಂದೇ ವೇಗದಲ್ಲಿ ಬಹಳ ಹೊತ್ತು ಇರದಂತೆ ಹೋಗಿಬಂದೆವು. ಹೋಗುವಾಗ ನಾನು ಓಡಿಸಿದೆ, ಬರುವಾಗ ಅವರು. ಹೀಗೆಯೇ ಭಾನುವಾರಗಳು ಸೇರಿ 500 ಕಿ.ಮೀ. ಆದಾಗ, ಎಂಜಿನ್ ಪೂರ್ತಿ ತಣ್ಣಗಿರುವಾಗ ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿದೆವು. ಪ್ಲಗ್ಗಿನ ತುದಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿತ್ತು. ಗೇರ್ ಆಯಿಲ್ ಬದಲಿಸುವ ಹೊತ್ತೂ ಆಗಿತ್ತು. ಬೆಚ್ಚಗಿರುವಾಗ ಇಳಿಸಲು ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು, ಡ್ರೇನ್ ಬೋಲ್ಟ್ ಬಿಚ್ಚಿ, ಕೊನೆಯ ಹನಿ ಬೀಳುವವರೆಗೂ ಅರ್ಧ ಗಂಟೆ ಬಿಟ್ಟೆವು. ಅಪ್ಪ ಅಳತೆಯ ಜಾಡಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ಕನ್ನಡಕ ಇಳಿಸಿಕೊಂಡು ಓದಿ, ನನಗೂ ಓದಲು ಕೊಟ್ಟರು. 980 ಮಿ.ಲೀ. ಇತ್ತು.